ಆರು ಟ್ಯೂಬು, ಮೂರು ಮಣೆ

ಜೂನ್ 3, ಮಂಗಳವಾರ, ಸಂಜೆ 7

ಅತ್ತಿಗುಪ್ಪೆಯಲ್ಲಿ ಮೆಟ್ರೋ ಇಳಿದು ಮೂಡಲಪಾಳ್ಯಕ್ಕೆ ನಡೆದೇ ಬಂದೆ. ಬಸ್ಸು ರಶ್ಶು. ಮಂಡಿ ಸುಮ್ಮನಿತ್ತು, ಪುಣ್ಯ.

ಲ್ಯಾಬಿನಲ್ಲಿ ಇವತ್ತು ಚೇತನಾಳ ಆರು ಟ್ಯೂಬನ್ನು ಜೆಲ್‌ಗೆ, ಅಂದರೆ ಪ್ರೋಟೀನನ್ನು ಪಟ್ಟೆಪಟ್ಟೆಯಾಗಿ ಬಿಡಿಸುವ ಲೋಳೆ ಹಾಳೆಗೆ, ಹಾಕಿದೆ. ಪಿಎಚ್‌ಡಿ ಹುಡುಗಿ, ನಾಲ್ಕು ತಿಂಗಳ ದುಡಿಮೆ. ನಾನು ಟೆಕ್ನೀಶಿಯನ್, ಹಾಕುವ ಕೈ ನನ್ನದು. ಒಂದರಿಂದ ಆರು, ಎಡದಿಂದ ಬಲಕ್ಕೆ. ಕೈ ನಡುಗಲಿಲ್ಲ. ಎಡಗಣ್ಣು ಮಾತ್ರ... ಮುಚ್ಚಳದ ಮೇಲಿನ ನಂಬರ್ ಓದಲು ಟ್ಯೂಬನ್ನು ಮೂಗಿನ ಹತ್ತಿರ ತರಬೇಕಾಯಿತು. ಮೂರು, ಐದು, ಆರು — ಮೂರೂ ಒಂದೇ ತರಹ. ಯಾರೂ ನೋಡಲಿಲ್ಲ.

ಊಟಕ್ಕೆ ಹುರುಳಿಕಾಳು ಸಾರು. ಚೆನ್ನಾಗಿತ್ತು.

ಜೂನ್ 4, ಬುಧವಾರ

ಕೆಟ್ಟ ದಿನ.

ಚೇತನಾ ಹೇಳಿಕೊಟ್ಟಿದ್ದು ಇಷ್ಟು. ಜೀವಕೋಶದೊಳಗೆ ಸುದ್ದಿ ಕೈಯಿಂದ ಕೈಗೆ ಹೋಗುತ್ತದೆ. ಒಂದು ಪ್ರೋಟೀನು ಎರಡನೆಯದನ್ನು ಮುಟ್ಟಿ ಎಬ್ಬಿಸುತ್ತದೆ, ಎರಡನೆಯದು ಮೂರನೆಯದನ್ನು. ಅಷ್ಟು ದೊಡ್ಡ ಸಂತೆಯಲ್ಲಿ ಇವು ಒಂದಕ್ಕೊಂದು ಸಿಗುವುದು ಹೇಗೆ? ಸ್ಕ್ಯಾಫೋಲ್ಡ್ ಪ್ರೋಟೀನು ಅಂತ ಒಂದಿದೆ. ಅದು ಮೂವರನ್ನೂ ತನ್ನ ಮೇಲೆ ಪಕ್ಕಪಕ್ಕ ಕೂರಿಸಿಕೊಳ್ಳುತ್ತದೆ.

ಟ್ಯೂಬಿನಿಂದ ಟ್ಯೂಬಿಗೆ ಸ್ಕ್ಯಾಫೋಲ್ಡ್ ಜಾಸ್ತಿ. ಸುದ್ದಿ ತಲುಪಿದಷ್ಟೂ ಆ ಟ್ಯೂಬಿನ ಪಟ್ಟೆ ಕಪ್ಪು. ಹಾಗಾಗಿ ಆರನೆಯದು ಎಲ್ಲಕ್ಕಿಂತ ಕಪ್ಪಾಗಬೇಕಿತ್ತು. ಆಗಿದ್ದು ಮೂರನೆಯದು. ಅಲ್ಲಿಂದ ಮುಂದೆ ಇಳಿಯುತ್ತಾ ಹೋಗಿ ಆರು ಕಂಡೂ ಕಾಣದ ಹಾಗೆ.

ಲ್ಯಾಬಿನ ಮುಖ್ಯಸ್ಥೆ ರಂಜಿನಿ ಮೇಡಂ ಬಹಳ ಹೊತ್ತು ನೋಡಿದರು. ದನಿ ಏರಿಸಲಿಲ್ಲ.

"ಮಹದೇವ್, ಆರ್ಡರ್ ಏನಾದ್ರೂ ಹಿಂದೆಮುಂದೆ ಆಯ್ತಾ?"

ಇಲ್ಲ ಅಂದೆ. ಇಪ್ಪತ್ತೆರಡು ವರ್ಷದಲ್ಲಿ ನನ್ನನ್ನು ಯಾರೂ ಹೀಗೆ ಕೇಳಿದ್ದಿಲ್ಲ. ಸಿಟ್ಟು ಬಂತು. ಮೇಡಂ ಮೇಲಲ್ಲ. ಇಲ್ಲ ಅಂದೆನಲ್ಲ, ಅದು ನನಗೇ ಗ್ಯಾರಂಟಿ ಇರಲಿಲ್ಲ.

ಪ್ರತಿ ಟ್ಯೂಬಿನಲ್ಲಿ ಸ್ಕ್ಯಾಫೋಲ್ಡ್ ಎಷ್ಟಿತ್ತು ಎಂದು ತೋರಿಸುವ ಆಂಟಿಬಾಡಿ ಮುಗಿದಿದೆ. ಹೊಸದು ಬರಲು ಮೂರು ವಾರ. ಬಂದ ಮೇಲೆ, ಜೆಲ್‌ನಿಂದ ಪಟ್ಟೆ ಇಳಿಸಿಕೊಂಡ ಇದೇ ಮೆಂಬ್ರೇನ್ ಮೇಲೆ ಹಾಕಿದರೆ ಆಯಿತು. ಪಟ್ಟೆಗಳು ಮೆಟ್ಟಿಲಿನ ಹಾಗೆ ಏರಿದರೆ ನನ್ನ ಸಾಲು ಸರಿ. ಇಲ್ಲದಿದ್ದರೆ ಆ ಹುಡುಗಿಯ ನಾಲ್ಕು ತಿಂಗಳು ಮಣ್ಣುಪಾಲು, ನಾನು ಸ್ಟೋರ್ ರೂಮಿಗೆ. ಬಿಳಿ ಕಾಗದದಂಥ ಆ ತುಂಡನ್ನು ಸುತ್ತಿ ಫ್ರಿಜ್‌ನಲ್ಲಿಟ್ಟೆ. ಮೇಲೆ ನನ್ನ ಹೆಸರೇ ಬರೆದೆ.

ಜೂನ್ 8, ಭಾನುವಾರ, ಮಧ್ಯಾಹ್ನ

ಸುಂಕದಕಟ್ಟೆಯಲ್ಲಿ ನಾಮಕರಣ. ನನ್ನ ಹೆಂಡತಿ ಇಂದ್ರಮ್ಮನಿಗೆ ಮುನ್ನೂರು ಒಬ್ಬಟ್ಟಿನ ಆರ್ಡರ್. ಬೆಳಿಗ್ಗೆ ಐದಕ್ಕೇ ಶುರು. ಅವಳು ಕಣಕಕ್ಕೆ ಹೂರಣ ತುಂಬುತ್ತಾಳೆ, ಮಹಡಿ ಮನೆಯ ಪಾರವ್ವ ತಟ್ಟುತ್ತಾಳೆ, ನಾದಿನಿ ಬೇಯಿಸುತ್ತಾಳೆ. ಒಂದು ಅಗಲ ಮಣೆ, ಪಕ್ಕದಲ್ಲೇ ಒಲೆ. ಕೈಯಿಂದ ಕೈಗೆ.

ಬೇಗ ಆಗಲಿ ಅಂತ ಬಾಪೂಜಿ ನಗರದ ಶಾಮಿಯಾನ ಅಂಗಡಿಯಿಂದ ಇನ್ನೆರಡು ಮಣೆ ತಂದಿದ್ದೆ. ಒಂದು ಹಾಲ್‌ನಲ್ಲಿ, ಇನ್ನೊಂದು ವರಾಂಡದಲ್ಲಿ. ಜಾಗ ಆಯಿತಲ್ಲ ಅಂತ ಒಬ್ಬೊಬ್ಬರನ್ನು ಒಂದೊಂದರ ಮುಂದೆ ಕೂರಿಸಿದೆ. ಹೂರಣ ಒಂದು ಕಡೆ, ತಟ್ಟುವುದು ಒಂದು ಕಡೆ, ಕಾವಲಿ ಇನ್ನೊಂದು ಕಡೆ. ಒಂದು ಗಂಟೆಯಲ್ಲಿ ಹನ್ನೊಂದೇ ಒಬ್ಬಟ್ಟು! ಅದರಲ್ಲೂ ಎರಡು ಹರಿದವು.

ಇಂದ್ರಮ್ಮ ಹಿಟ್ಟಿನ ಕೈಯಲ್ಲೇ ಬಂದಳು. "ಮಣೆ ಮೂರಾದ್ರೆ ಒಬ್ಬಟ್ಟು ಮೂರ್ ಪಾಲು ಆಗಲ್ಲ ಕಣ್ರೀ. ಇರೋದು ಮೂರೇ ಜನ. ಒಬ್ಬೊಬ್ರು ಒಂದೊಂದ್ ಕಡೆ ಕೂತ್ರೆ ಯಾರ್ ಕೈಗೆ ಕೊಡೋದು?"

ಪಾರವ್ವ ಗದಗ ಕಡೆಯವಳು, ಮರ್ಯಾದೆಯಿಂದಲೇ ಹೇಳಿದಳು: "ಅಣ್ಣಾರ, ನೀವು ಸುಮ್ನ ಹೊರಗ ಕುಂದರ್ರಿ."

ಹೊರಗೆ ಕೂತೆ. ಕೂತವನು ಥಟ್ಟನೆ ಎದ್ದೆ. ಮೂರು ಜನ, ಮೂರು ಮಣೆ... ಆರನೇ ಟ್ಯೂಬು!

ಎರಡು ಮಣೆ ತೆಗೆದಿಟ್ಟೆ. ಹತ್ತೂವರೆಗೆ ಮುನ್ನೂರೂ ಡಬ್ಬಕ್ಕೆ ಹೋದವು. ಹರಿದ ಎರಡು ನನ್ನ ಪಾಲಿಗೆ ಬಂದವು, ತುಪ್ಪ ಹಾಕಿ.

ಜೂನ್ 9, ಸೋಮವಾರ

ಚೇತನಾಳಿಗೆ ಮಣೆಯ ಕಥೆ ಹೇಳಿದೆ. ಮೊದಲು ನಕ್ಕಳು. ಆಮೇಲೆ ಒಂದು ಹಾಳೆ ಎಳೆದುಕೊಂಡು ಗೀಚತೊಡಗಿದಳು. ಸ್ಕ್ಯಾಫೋಲ್ಡ್ ಅಳತೆಯಲ್ಲಿದ್ದರೆ ಮೂವರೂ ಒಂದರ ಮೇಲೇ ಸಿಗುತ್ತಾರೆ. ವಿಪರೀತವಾದರೆ ಒಬ್ಬೊಬ್ಬರು ಒಂದೊಂದರ ಮೇಲೆ ಒಂಟಿ. ಸುದ್ದಿ ಅಲ್ಲಲ್ಲೇ ನಿಂತಿತು. ಬೇರೆ ಪ್ರೋಟೀನುಗಳಲ್ಲಿ ಹೀಗಾಗುವುದನ್ನು ಓದಿದ್ದಳಂತೆ, ತನ್ನದರಲ್ಲಿ ಹೊಳೆದೇ ಇರಲಿಲ್ಲವಂತೆ.

ಮೇಡಂ ಪೂರ್ತಿ ಕೇಳಿದರು. ಆಗಬಹುದು, ಆದರೆ ಮೆಂಬ್ರೇನ್ ಹೇಳಲಿ ಅಂದರು. ಸರಿಯಾದ ಮಾತು. ಕಥೆ ಚೆನ್ನಾಗಿದೆ ಅಂತ ನನ್ನ ಕಣ್ಣು ಸರಿಯಾಗುತ್ತದೆಯೇ?

ಜೂನ್ 24, ಮಂಗಳವಾರ

ಎರಡು ವಾರ ಏನೂ ಬರೆಯಲಿಲ್ಲ. ಫ್ರಿಜ್ ತೆಗೆದಾಗಲೆಲ್ಲ ಆ ಪೊಟ್ಟಣ, ಅದರ ಮೇಲೆ ನನ್ನ ಹೆಸರು.

ಇವತ್ತು ಪಾರ್ಸೆಲ್ ಬಂತು. ಸಂಜೆ ಇಂದ್ರಮ್ಮನಿಗೆ ಕಣ್ಣಿನ ವಿಷಯ ಹೇಳಿದೆ. ಅವಳಿಗೆ ಗೊತ್ತಿತ್ತು! ಯುಗಾದಿಯಿಂದ ಪೇಪರನ್ನು ಓರೆ ಹಿಡಿದು ಓದುತ್ತೀರಿ, ನನಗೆ ಕಾಣಲ್ಲವಾ ಅಂದಳು. ಪಟ್ಟೆ ಹೇಗಾದರೂ ಬರಲಿ, ಮೇಡಂಗೆ ಹೇಳಿಬಿಡಿ ಅಂದಳು. ಹೆದರಿಕೆ ಅರ್ಧ ಇಳಿಯಿತು.

ಜೂನ್ 25, ಬುಧವಾರ, ಮಧ್ಯಾಹ್ನ 3

ಮೆಟ್ಟಿಲು.

ಒಂದನೆಯದು ತೆಳುವು, ಎರಡು ಸ್ವಲ್ಪ, ಮೂರು... ಆರನೆಯದು ಕಾಡಿಗೆ ಕಪ್ಪು. ಚೇತನಾ ಸ್ಕ್ರೀನಿನ ಮೇಲೆ ಬೆರಳಿಟ್ಟು ಜೋರಾಗಿ ಎಣಿಸಿದಳು. ಸಾಲು ಸರಿ. ನನ್ನ ಸಾಲು ಸರಿಯಾಗಿತ್ತು. ಅವಳ ಹಿಂದೆಯೇ ನಾನೂ ಇನ್ನೊಂದು ಸಲ ಎಣಿಸಿದೆ.

ಮೇಡಂ ಎಲ್ಲರ ಮುಂದೆ ಬಂದು, ಅವತ್ತು ಕೇಳಿದ್ದಕ್ಕೆ ಬೇಜಾರು ಬೇಡ ಅಂದರು. ಅಲ್ಲಿಗೆ ಸುಮ್ಮನಿರಬಹುದಿತ್ತು. ಇರಲಿಲ್ಲ.

"ನೀವ್ ಕೇಳಿದ್ದು ಸರೀನೇ ಮೇಡಂ. ನಂಗೂ ಡೌಟ್ ಇತ್ತು. ಎಡಗಣ್ಣಿಗೆ ಪೊರೆ ಬಂದಿದೆ, ಸರಿಯಾಗ್ ಕಾಣ್ತಿಲ್ಲ."

ಮೇಡಂ ಕುರ್ಚಿ ಎಳೆದು ನನ್ನೆದುರು ಕೂತರು.

"ಆಪರೇಷನ್ ಮಾಡಿಸ್ಕೊಂಡ್ ಬನ್ನಿ," ಅಂದರು. "ಮುಂದಿನ ಸೆಟ್ಟೂ ನಿಮ್ಮದೇ."

ಜುಲೈ 5, ಶನಿವಾರ, ಬೆಳಿಗ್ಗೆ 8

ವಿಜಯನಗರದ ಕಣ್ಣಿನ ಆಸ್ಪತ್ರೆ. ಮೂರು ಸಲ ಡ್ರಾಪ್ಸ್ ಆಯಿತು. ಇಂದ್ರಮ್ಮ ಪಕ್ಕದಲ್ಲಿ, ಅವಳ ಮಡಿಲಲ್ಲಿ ಒಬ್ಬಟ್ಟಿನ ಡಬ್ಬ. ಆಪರೇಷನ್ ಆಗುವ ತನಕ ಮುಚ್ಚಳ ತೆಗೆಯುವ ಹಾಗಿಲ್ಲ.

ಈ ಪುಟದ ಗೆರೆ ಎರಡೆರಡು ಕಾಣುತ್ತಿದೆ. ನರ್ಸ್ ಹೆಸರು ಕೂಗುತ್ತಿದ್ದಾಳೆ, ಇಂದ್ರಮ್ಮ ಪೆನ್ನಿಗೆ ಕೈ ಹಾಕುತ್ತಿದ್ದಾಳೆ. ತಡಿ ಮಾರಾಯ್ತಿ, ಒಂದೇ ಮಾತು. ಕಣ್ಣು ಮಂಜಾಗಿದ್ದರೂ ಕೈ ತಪ್ಪಿರಲಿಲ್ಲ. ಎಡದಿಂದ ಬಲಕ್ಕೆ. ಒಂದು, ಎರಡು, ಮೂರು, ನಾಲ್ಕು, ಐದು —