ಹೋಳೂರಿನ ಮನೆಗೆ ಹನ್ನೆರಡು ಶೀಟು

ಕೋಲಾರ
24-5-1974, ಶುಕ್ರವಾರ

ತಾಯಿಗೆ ಸಮಾನಳಾದ ಮುನಿಗಂಗಕ್ಕನಿಗೆ, ತಮ್ಮ ಅಶ್ವತ್ಥಪ್ಪ ಮಾಡುವ ನಮಸ್ಕಾರಗಳು. ಭಾವನವರಿಗೂ ನನ್ನ ನಮಸ್ಕಾರ ತಿಳಿಸು, ಅವರು ತೆಗೆದುಕೊಳ್ಳುವುದಾದರೆ. ಆದಿಲಕ್ಷ್ಮಿಗೆ ಆಶೀರ್ವಾದ.

ನಿನ್ನ ಕಾಗದ ಬಂದು ಹನ್ನೊಂದು ದಿನವಾಯಿತು. ಮೇಲೆ ಆದಿಲಕ್ಷ್ಮಿಯ ಕೈಬರಹ ನೋಡಿದ ಕೂಡಲೇ ಅಂಗಡಿಯಲ್ಲೇ ಒಡೆದು ಓದಿದೆ. ಉತ್ತರ ಬರೆಯಲು ಕೂತಾಗಲೆಲ್ಲ ಏನಾದರೊಂದು ನೆಪ ಸಿಕ್ಕಿತು, ಎದ್ದುಬಿಟ್ಟೆ. ಬಸ್ಸು ಹತ್ತಿದರೆ ಒಂದು ಗಂಟೆಯ ದಾರಿ, ಅಷ್ಟು ಹತ್ತಿರ ಕೂತು ಅಕ್ಕನಿಗೆ ಕಾಗದ ಬರೆಯುವ ದೊಡ್ಡ ಮನುಷ್ಯ ಇವನೊಬ್ಬನೇ ಎಂದು ನೀನು ನಗುತ್ತೀಯ. ನಗು. ನೀನು ನಕ್ಕು ಎಷ್ಟು ದಿನವಾಯಿತೋ. ನಿಮ್ಮೂರಿನ ಮುನಿರಾಮಪ್ಪ ಕೋರ್ಟಿನ ಕೆಲಸಕ್ಕೆ ಬಂದಿದ್ದಾನೆ, ನಾಳೆ ಬೆಳಿಗ್ಗೆ ವಾಪಸು ಹೋಗುತ್ತಾನೆ. ಅವನ ಕೈಯಲ್ಲೇ ಇದನ್ನು ಕಳಿಸುತ್ತಿದ್ದೇನೆ.

ಇಲ್ಲಿ ಶ್ಯಾಮಲ, ಮಕ್ಕಳು ಚೆನ್ನಾಗಿದ್ದಾರೆ. ಚಿಕ್ಕವನಿಗೆ ಮುಂದಿನ ಎರಡು ಹಲ್ಲು ಬಿದ್ದು ಮಾತೆಲ್ಲ ಗಾಳಿಯಾಗಿದೆ. ಆದರೆ ನಿಮ್ಮ ಕ್ಷೇಮ ಕೇಳಲು ನನಗೆ ಬಾಯಿಲ್ಲ. ನೀನೇ ಬರೆಸಿದ್ದೀಯ. ಮಾಳಿಗೆ ಕಿತ್ತು ತಿಂಗಳು ಕಳೆಯಿತು, ಗೋಡೆಗಳು ಆಕಾಶ ನೋಡಿಕೊಂಡು ನಿಂತಿವೆ. ಮೇಲೆ ಹೊದಿಸಿದ ತೆಂಗಿನ ಗರಿ ಮೊದಲ ಮಳೆಗೇ ಸೋರಿ ರಾಗಿಯೆಲ್ಲ ನೆನೆಯಿತು. ತುಂಬು ಬಸುರಿ ಆದಿಲಕ್ಷ್ಮಿಯನ್ನು ಪಕ್ಕದ ಮನೆ ಭಾರತಮ್ಮನವರ ಜಗಲಿಯಲ್ಲಿ ಮಲಗಿಸುತ್ತಿದ್ದೀಯ. ನರ್ಸಮ್ಮ ಜೂನ್ ಮೊದಲ ವಾರ ಎಂದು ಹೇಳಿಹೋಗಿದ್ದಾಳೆ. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದ ಮಗಳಿಗೆ ತಲೆಯ ಮೇಲೆ ಸೂರಿಲ್ಲ. ಇಷ್ಟೆಲ್ಲ ಬರೆಸಿ ಕೊನೆಯಲ್ಲಿ ನೀನು, "ಇದರಲ್ಲಿ ನಿನ್ನ ತಪ್ಪೇನೈತೆ ಅಶ್ವತ್ಥ, ರೈಲೇ ನಿಂತೋದ್ರೆ ನೀನು ಎಲ್ಲಿಂದ ತರ್ತೀಯ, ಭಾವ ಅಂದಿದ್ದನ್ನ ಮನಸ್ಸಿಗೆ ಹಚ್ಕೋಬೇಡ" ಎಂದು ಬರೆಸಿದ್ದೀಯ. ಭಾವ ಬೈದಿದ್ದನ್ನು ತಡೆದುಕೊಂಡೆ ಅಕ್ಕ. ಈ ಸಾಲನ್ನು ತಡೆದುಕೊಳ್ಳಲಾಗಲಿಲ್ಲ.

ಭಾವ ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ಯುಗಾದಿ ಕಳೆದ ಮೇಲೆ ಅವರು ಅಂಗಡಿಗೆ ಬಂದು, ಮಗಳು ಬರುವುದರೊಳಗೆ ಹಳೇ ಮಣ್ಣಿನ ಮಾಳಿಗೆ ತೆಗೆದು ಶೀಟು ಹೊದಿಸಬೇಕು, ಎಂಟಡಿಯವು ಹನ್ನೆರಡು ಬೇಕು ಎಂದಾಗ, "ಬರುತ್ತೆ ಭಾವ, ಎಂಟು ದಿನ ಬಿಟ್ಟು ಬನ್ನಿ" ಎಂದವನು ನಾನೇ. ಆ ಮಾತು ಹಿಡಿದು ಅವರು ಊರಿಗೆ ಹೋಗಿ ಮಾಳಿಗೆ ಇಳಿಸಿದರು. ಎರಡನೇ ಸಲ ಬಂದಾಗ ಗುರುವಾರ ಎಂದೆ. ಮೂರನೇ ಸಲ ಲಾರಿ ಹೊರಟಿದೆ ಎಂದೆ. ನಾಲ್ಕನೇ ಸಲ ಬರುವ ಹೊತ್ತಿಗೆ ರೈಲು ಮುಷ್ಕರ ಶುರುವಾಗಿತ್ತು, ಕಾರಣ ಹುಡುಕುವ ಕಷ್ಟ ನನಗೆ ತಪ್ಪಿತು.

ಒಂಬತ್ತು ವರ್ಷದ ಹಿಂದೆ ಈ ಹಾರ್ಡ್‌ವೇರ್ ಅಂಗಡಿಗೆ ಸೇರಿದ ದಿನ ಯಜಮಾನರು ಕೌಂಟರಿನ ಒಳಗೆ ನಿಲ್ಲಿಸಿ ಹೇಳಿಕೊಟ್ಟ ಮೊದಲ ಪಾಠ ಇದು. ಅಂಗಡಿಯಲ್ಲಿ ನಿಂತು 'ಇಲ್ಲ' ಅನ್ನಬಾರದು, ಲಕ್ಷ್ಮಿ ಕೇಳಿಸಿಕೊಂಡರೆ ಎದ್ದು ಹೋಗುತ್ತಾಳೆ. ಮೊಳೆ ಮುಗಿದಿರಲಿ, ಪೈಪು ಮುಗಿದಿರಲಿ, 'ಬರುತ್ತೆ' ಅನ್ನು. ನಮ್ಮಮ್ಮನೂ ಡಬ್ಬದಲ್ಲಿ ಉಪ್ಪು ಮುಗಿದರೆ ಇಲ್ಲ ಅನ್ನುತ್ತಿರಲಿಲ್ಲ, ಉಪ್ಪು ತುಂಬಬೇಕು ಅನ್ನುತ್ತಿದ್ದಳಲ್ಲ, ಅದೇ ಲೆಕ್ಕ ಎಂದುಕೊಂಡು ಕಲಿತೆ. ಆದರೆ ಅಮ್ಮನ ಮಾತು ಕೇಳಿದವರು ಎದ್ದು ಅಂಗಡಿಗೆ ಹೋಗುತ್ತಿದ್ದೆವು. ನನ್ನ ಮಾತು ಕೇಳಿದವರು ಮನೆಗೆ ಹೋಗಿ ಕಾಯುತ್ತಾರೆ. ಇಲ್ಲ ಎಂದು ಕಡ್ಡಿ ಮುರಿದ ಹಾಗೆ ಹೇಳಿದ್ದರೆ ಭಾವ ಅವತ್ತೇ ಬೆಂಗಳೂರಿನ ಬಸ್ಸು ಹತ್ತುತ್ತಿದ್ದರು. ಮಾಳಿಗೆಗಂತೂ ಕೈ ಹಾಕುತ್ತಿರಲಿಲ್ಲ.

ನಿನ್ನ ಕಾಗದ ಓದಿದ ಮಾರನೇ ದಿನವೇ ಅಂಗಡಿಯಲ್ಲಿ ಹೊಟ್ಟೆನೋವು ಎಂದು ಹೇಳಿ, ಶೀಟು ಹುಡುಕಿಕೊಂಡು ಮಾಲೂರಿಗೆ ಹೋದೆ. ಅಲ್ಲಿನ ಹಾರ್ಡ್‌ವೇರ್ ಅಂಗಡಿಯ ಕೌಂಟರಿನವನು ಯಾರಿಗೋ ಮೊಳೆ ತೂಗುತ್ತಿದ್ದ. ಅದು ಮುಗಿಯಿತು, ಇನ್ನೊಬ್ಬರ ಬೀಗ ನೋಡಿದ, ಅದೂ ಮುಗಿಯಿತು, ಪೇಪರು ಬಿಡಿಸಿದ. ಒಂದೂವರೆ ಗಂಟೆ ನಿಂತೆ. ನಾನೂ ಈ ಕಸುಬಿನವನೇ ಎಂದು ಹೇಳಲು ನಾಚಿಕೆಯಾಯಿತು. ಕೊನೆಗೆ ತಲೆ ಎತ್ತದೆ, ವ್ಯಾಗನ್ನು ಬರಬೇಕು ಎಂದ. ಯಾವ ವ್ಯಾಗನ್ನು, ಎಲ್ಲಿ ನಿಂತಿದೆ ಎಂದು ಕೇಳಿದೆ. ಅವನ ಹೆಂಡತಿಯ ವಯಸ್ಸು ಕೇಳಿದೆನೇನೋ ಅನ್ನುವ ಹಾಗೆ ನನ್ನ ಮುಖ ನೋಡಿದ.

ಮುಳಬಾಗಿಲಿನಲ್ಲಿ ಅಣ್ಣತಮ್ಮಂದಿರ ಎರಡು ಅಂಗಡಿ, ಎದುರುಬದುರು. ಎಲ್ಲ ಅಳತೆಯ ಶೀಟುಗಳು ದೊರೆಯುತ್ತವೆ ಎಂದು ಇಬ್ಬರ ಬೋರ್ಡಿನಲ್ಲೂ ಬರೆದಿದೆ. ಅಣ್ಣ ತಮ್ಮನ ಕಡೆ ಕೈ ತೋರಿಸಿ ಅಕ್ಕಡ ಉಂದಿ ಎಂದ, ಅಲ್ಲಿದೆ ಎಂದು. ತಮ್ಮ ಅಣ್ಣನ ಕಡೆ ತೋರಿಸಿದ. ಆ ಉರಿಬಿಸಿಲಿನಲ್ಲಿ ಮೂರು ಸಲ ರಸ್ತೆ ದಾಟಿದೆ. ನಾಲ್ಕನೇ ಸಲ ಅಣ್ಣನಿಗೇ ಬೇಜಾರಾಗಿ, "ರೇಪು ರಾಪ್ಪಾ" ಎಂದ. ನಾಳೆ ಬಾ ಎಂಬುದನ್ನು ತೆಲುಗಿನಲ್ಲಿ ಕೇಳಿದರೆ ಸ್ವಲ್ಪ ಮರ್ಯಾದೆ ಕೊಟ್ಟ ಹಾಗೆ ಅನ್ನಿಸುತ್ತದೆ ನೋಡು. ಮಾರನೇ ದಿನವೂ ಹೋದೆ. ಎರಡು ಅಂಗಡಿಗೂ ಬೀಗ ಬಿದ್ದಿತ್ತು, ಮನೆಯಲ್ಲಿ ಮದುವೆಯಂತೆ.

ಈ ಸೋಮವಾರ ಶ್ರೀನಿವಾಸಪುರಕ್ಕೆ ಹೋದೆ. ಅಕ್ಕ, ಅಲ್ಲಿ ಶೀಟು ಇತ್ತು. ಒಳಗಿನ ಗೋಡೆಗೆ ಒರಗಿಸಿದ್ದರು, ನಾನೇ ಕಣ್ಣಿನಲ್ಲಿ ಎಣಿಸಿದೆ, ಹದಿನೈದೋ ಹದಿನಾರೋ. ಹನ್ನೆರಡು ಕೊಡಿ ಎಂದೆ. ಬರಿ ಶೀಟು ಕೊಡುವುದಿಲ್ಲ, ನಾಲ್ಕು ಡಬ್ಬ ಪೇಂಟನ್ನೂ ಒಯ್ಯಬೇಕು ಎಂದರು. ಆಗಲಿ ಎಂದೆ. ಬಿಗಿಯಲು ಬೋಲ್ಟು, ವಾಷರು ಬೇರೆ ಕಡೆ ನೋಡಿಕೋ ಎಂದರು. ಅದಕ್ಕೂ ಆಗಲಿ ಎಂದೆ. ಗಾಡಿ ಗೊತ್ತುಮಾಡಿ ಬಂದು ನೋಡಿದರೆ, ಅವು ಮಾವಿನ ಮಂಡಿಯವರು ಮೊದಲೇ ಹೇಳಿಹೋದದ್ದಂತೆ. ಅದನ್ನು ಮೊದಲೇ ಹೇಳಬಾರದೇ ಎಂದು ನಾನು ರೇಗುವ ಮುಂಚೆಯೇ ಕೌಂಟರಿನವನು ಸ್ಟೂಲು ಹಾಕಿ ಕೂರಿಸಿ, ಕುಡಿಯಲು ನೀರು ಕೊಟ್ಟ. "ನಿಮ್ದು ಬರುತ್ತೆ ಸ್ವಾಮಿ, ಸೋಮವಾರ ಬನ್ನಿ" ಎಂದ. ನಯವಾದ ಮನುಷ್ಯ. ನನಗೆ ಎಷ್ಟೋ ಸಮಾಧಾನವಾಯಿತು. ಇನ್ನೇನು ಒಂದೇ ವಾರ ಎಂದುಕೊಂಡು, ಎರಡು ಮಾವಿನ ಹಣ್ಣು ಕೊಂಡು ಬಸ್ಸು ಹತ್ತಿದೆ.

ಬಸ್ಸು ಅರ್ಧ ದಾರಿ ಬಂದಿತ್ತು. ಆಗ ಹೊಳೆಯಿತು. ದಿನಕ್ಕೆ ನೂರು ಸಲ ಈ ಮಾತು ಹೇಳಿ ಜನರನ್ನು ಸಾಗಹಾಕುವ ನಾನು ಅದನ್ನು ನಂಬಿಕೊಂಡು ಬಂದಿದ್ದೆ. ಮೂಗಿಗೆ ತುಪ್ಪ ಸವರುವವನಿಗೇ ಇನ್ನೊಬ್ಬ ಸವರಿದರೆ ವಾಸನೆ ಗೊತ್ತಾಗಬೇಡವೇ? ಬೇಕು ಅನ್ನುವುದು ಮನಸ್ಸಿನಲ್ಲಿದ್ದರೆ ಯಾವನಿಗೂ ಗೊತ್ತಾಗುವುದಿಲ್ಲ ಅಕ್ಕ. ಭಾವ ನನ್ನ ಮುಂದೆ ಹಾಗೇ ನಿಂತಿದ್ದರು. ಟವಲಿನಿಂದ ಮುಖ ಒರೆಸಿಕೊಂಡು, ಸರಿ ಹಾಗಾದ್ರೆ ಗುರುವಾರ ಬರ್ತೀನಿ ಎಂದು, ಪಾಪ, ಖುಷಿಯಾಗಿ ಹೋಗಿದ್ದರು. ಬಸ್ಸಿನಲ್ಲಿ ಅತ್ತುಬಿಟ್ಟೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಏನಾಯಿತಣ್ಣ ಎಂದು ಕೇಳಿದಳು. ಕಣ್ಣಿಗೆ ಧೂಳು ಬಿತ್ತು ಎಂದೆ.

ಆದಿಲಕ್ಷ್ಮಿಯನ್ನು ಇಲ್ಲಿಗೆ ಕರೆಸಿಕೊಳ್ಳಿ, ದೊಡ್ಡಾಸ್ಪತ್ರೆ ಹತ್ತಿರ ಎಂದು ಶ್ಯಾಮಲ ದಿನಾ ಹೇಳುತ್ತಾಳೆ. ಅಶ್ವತ್ಥನ ಹೊಸ್ತಿಲನ್ನು ಮಗಳೂ ತುಳಿಯಕೂಡದು ಎಂದು ಭಾವ ಹೇಳಿದ್ದಾರೆಂದು ಕೇಳಿದೆ. ಯಾವ ಮುಖ ಇಟ್ಟುಕೊಂಡು ಕರೆಯಲಿ? ಮಧ್ಯಾಹ್ನವಾದರೆ ಮೂಡಲ ಕಡೆ ಮೋಡ ಕಟ್ಟುತ್ತದೆ. ಕೌಂಟರಿನಲ್ಲಿ ನಿಂತು ಅದನ್ನೇ ನೋಡುತ್ತಿರುತ್ತೇನೆ. ಗಿರಾಕಿ ಬಾಗಿಲ ಹಿಂಜು ಕೇಳಿದರೆ ಬೀಗ ಕೊಡುತ್ತೇನೆ.

ಆದಿಲಕ್ಷ್ಮಿ ಕೊಡ ಎತ್ತದಿರಲಿ, ಒದ್ದೆ ನೆಲದ ಮೇಲೆ ಓಡಾಡದಿರಲಿ. ಅವಳಿಗೆ ಸುಖವಾಗಿ ಹೆರಿಗೆಯಾಗಿ, ನಿನ್ನ ಮಡಿಲಿನಲ್ಲಿ ಮೊಮ್ಮಗು ಆಡಲಿ ಎಂದು ಮನೆದೇವರಲ್ಲಿ ಬೇಡಿಕೊಂಡಿದ್ದೇನೆ. ಭಾರತಮ್ಮನವರ ಋಣ ನಮ್ಮ ಮೇಲಿದೆ, ಅವರಿಗೂ ನಮಸ್ಕಾರ ಹೇಳು.

ಇಂತಿ ನಿನ್ನ ತಮ್ಮ,
ಅಶ್ವತ್ಥಪ್ಪ

ವಿ. ಸೂ.: ಆದಿಲಕ್ಷ್ಮಿ, ಅಮ್ಮನಿಗೆ ಕಾಗದ ಓದಿ ಹೇಳುವವಳು ನೀನು. ಇಲ್ಲಿ ನಿಲ್ಲಿಸಿ, ಮುಂದಿನದನ್ನು ಮೊದಲು ನೀನೊಬ್ಬಳೇ ಓದಿಕೊಳ್ಳಮ್ಮ.

ಮೂರು ಊರು ಅಲೆದಿದ್ದು ನಿಜ. ಯಾಕೆ ಅಲೆದೆ ಎಂಬುದನ್ನು ಮೇಲೆ ಬರೆದಿಲ್ಲ. ನಿಮ್ಮಪ್ಪ ಮೊದಲ ಸಲ ಬಂದ ದಿನ ನಮ್ಮ ಅಂಗಡಿಯ ಗೋಡೌನಿನಲ್ಲೇ ನಲವತ್ತು ಶೀಟು ಇದ್ದವು, ಎಂಟಡಿಯವೇ. ಬೆಲೆ ಏರಲಿ ಎಂದು ಯಜಮಾನರು ಎತ್ತಿಡಿಸಿದ್ದರು. ನಮ್ಮಕ್ಕನ ಮನೆಗೆ ಹನ್ನೆರಡು ಬೇಕು ಎಂದು ನಾನು ಕೇಳಿದ್ದರೆ ಗೊಣಗಿಕೊಂಡಾದರೂ ಕೊಡುತ್ತಿದ್ದರು. ನಾನು ಕೇಳಲಿಲ್ಲ. ಯಾರ ಭಯವೂ ಇರಲಿಲ್ಲ. ಕೌಂಟರಿನ ಮುಂದೆ ಏಳೆಂಟು ಜನ ನಿಂತಿದ್ದರು, ನಿಮ್ಮಪ್ಪನೂ ಅವರ ನಡುವೆ ನಿಂತರು. ಎಲ್ಲರಿಗೂ ಹೇಳುವ ಮಾತನ್ನು ಬಾಯಿ ಅವರಿಗೂ ಹೇಳಿಬಿಟ್ಟಿತು. ಅವರು ಎರಡನೇ ಸಲ ಬಂದಾಗ, ಮಾಳಿಗೆ ಇಳಿಸಿಬಿಟ್ಟೆ ಕಣಪ್ಪ ಎಂದರು. ಆಗ ಶೀಟು ತೆಗೆದುಕೊಟ್ಟರೆ ಮೊದಲು ಹೇಳಿದ್ದು ಸುಳ್ಳು ಎಂದು ಗೊತ್ತಾಗುತ್ತಿತ್ತು. ಆ ಒಂದು ಸುಳ್ಳನ್ನು ಮುಚ್ಚಲು ಮತ್ತೆ ಮೂರು ಸಲ ಅವರನ್ನು ಬರಿಗೈಯಲ್ಲಿ ಕಳಿಸಿದೆ. ಬೇರೆ ಊರಿನಿಂದ ಹನ್ನೆರಡು ತಂದು ನಿಮ್ಮ ಬಾಗಿಲಲ್ಲಿ ಇಳಿಸಿದರೆ ಯಾರಿಗೂ ತಿಳಿಯದೆ ಮುಗಿದುಹೋಗುತ್ತದೆ ಎಂದುಕೊಂಡಿದ್ದೆ.

ಮಂಗಳವಾರ ಹೋಳೂರಿಗೆ ಬಂದಿದ್ದೆ, ಹೇಳಿಬಿಡಬೇಕು ಎಂದೇ ಬಂದಿದ್ದೆ. ರಸ್ತೆಯಿಂದಲೇ ಗೋಡೆಗಳು ಕಂಡವು. ನೀನು ಒಂದು ಕೈ ಸೊಂಟಕ್ಕೆ ಕೊಟ್ಟುಕೊಂಡು, ಇನ್ನೊಂದು ಕೈಯಲ್ಲಿ ಹಾಸಿಗೆಯ ಸುರುಳಿ ಹಿಡಿದು, ಭಾರತಮ್ಮನವರ ಮನೆಯ ಮೆಟ್ಟಿಲು ಒಂದೊಂದಾಗಿ ಹತ್ತುತ್ತಿದ್ದೆ. ಅದೇ ಬಸ್ಸಿನಲ್ಲಿ ವಾಪಸು ಬಂದೆ.

ಸೋಮವಾರ ಬೆಂಗಳೂರಿನ ಕಂಟ್ರಾಕ್ಟರನ ಲಾರಿ ಬಂದು ನಲವತ್ತನ್ನೂ ಒಯ್ಯುತ್ತದೆ. ಇವತ್ತು ಯಜಮಾನರ ಎದುರು ಎರಡು ಸಲ ಹೋಗಿ ನಿಂತೆ, ಮೊಳೆಯ ಲೆಕ್ಕ ಹೇಳಿ ಬಂದೆ. ಒಬ್ಬನೇ ಹೋದರೆ ನನ್ನಿಂದ ಆಗುವುದಿಲ್ಲ. ಅಮ್ಮ, ಅಪ್ಪ ಇಬ್ಬರನ್ನೂ ಕೂರಿಸಿಕೊಂಡು ಇದನ್ನು ಓದು, ಒಂದು ಅಕ್ಷರವನ್ನೂ ಬಿಡಬೇಡ. ನಾಡಿದ್ದು ಭಾನುವಾರ ನಿಮ್ಮಪ್ಪ ಗಾಡಿ ಕಟ್ಟಿಕೊಂಡು ಬರಲಿ, ಅವರ ಎದುರಿನಲ್ಲೇ ಯಜಮಾನರ ಮನೆಯ ಬಾಗಿಲು ತಟ್ಟುತ್ತೇನೆ. ಕೆಲಸದಿಂದ ತೆಗೆದರೆ ತೆಗೆಯಲಿ. ನಿಮ್ಮಪ್ಪನಿಗೆ ನನ್ನ ಮುಖ ನೋಡಲು ಇಷ್ಟವಿಲ್ಲದಿದ್ದರೆ ಬೇರೆ ಯಾರನ್ನಾದರೂ ಕಳಿಸಲಿ. ಗೋಡೌನಿನ ಬೀಗದ ಕೈ ನನ್ನ ಉಡಿದಾರದಲ್ಲೇ ಇದೆ. ನಿಮ್ಮಪ್ಪ ಮೊದಲ ಸಲ ಬಂದು ನಿಂತ ದಿನವೂ ಅಲ್ಲೇ ಇತ್ತು.