ಒಂದೇ ಉಂಡೆ ಉಣ್ಣೆ

ದಾದರ್, ಮುಂಬೈ
೧೨-೧-೧೯೭೪

ಪೂಜ್ಯ ಅತ್ತೆಯವರ ಪಾದಕ್ಕೆ ಸೊಸೆ ಲಕ್ಷ್ಮವ್ವನ ನಮಸ್ಕಾರ.

ನಿಮ್ಮ ಉಣ್ಣೆ ದಸರೆಗೇ ಮುಟ್ಟಿತ್ತು. ಉತ್ತರ ಬರೆಯದ ಈ ಸೋಮಾರಿಯನ್ನು ಬಾಯ್ತುಂಬ ಬಯ್ಯಿರಿ, ಆಮೇಲೆ ಮುಂದೆ ಓದಿಸಿಕೊಳ್ಳಿ.

ನಡುಗುವ ಕೈಯಲ್ಲಿ ಕದಿರು ಹಿಡಿದು ನೂತಿದ್ದೀರಿ. ರಾತ್ರಿ ಕಾವಲು ಕಾಯುವ ಮಗನ ಕೊರಳಿಗೆ ಮಫ್ಲರ್ ಆಗಲಿ ಎಂದು ಹೇಳಿ ಕಳಿಸಿದಿರಿ. ಆದರೆ ಅತ್ತೆ, ಇದ್ದದ್ದು ಒಂದೇ ಉಂಡೆ! ಹೆಣೆದರೆ ಲಾಡಿಯಷ್ಟು ಅಗಲ ಬಂತು. ಅಂಗಡಿಯ ಉಣ್ಣೆ ಬೆರೆಸಲು ಮನಸ್ಸಾಗಲಿಲ್ಲ. ನಮ್ಮ ಚಾಳಿನ ಇಂದ್ರಾಬಾಯಿಯ ಮುಂದೆ ಹಿಡಿದುಕೊಂಡು ಕೂತೆ.

ಆಕೆ ದಪ್ಪ ಸೂಜಿ ಕೊಟ್ಟು, ಸಡಿಲಾಗಿ ಹೆಣೆಸಿ, ಕೊನೆಗೆ ತನ್ನ ಮರಾಠಿಯಲ್ಲಿ "ಆತಾ ಟಾಕಾ ಸೋಡ" ಎಂದಳು. ಸೋಡ ಎಂದರೆ ನನಗೆ ಗೊತ್ತಿರುವುದು ಗಂಡ-ಹೆಂಡಿರನ್ನು ಬಿಡಿಸುವ ಸೋಡಚೀಟಿ ಒಂದೇ. "ನಾ ಯಾಕ ಕೊಡ್ಲಿ? ಏನ್ ತಪ್ಪ್ ಮಾಡೇನಿ?" ಎಂದು ಎದ್ದೇಬಿಟ್ಟೆ. ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಗ ವೇಡೇ, ನವರಾ ನಾಹೀ, ಟಾಕಾ!" ಹುಚ್ಚಿ, ಗಂಡನನ್ನಲ್ಲ, ಸೂಜಿಯ ಮೇಲಿನ ಕುಣಿಕೆಯನ್ನು ಬಿಡು ಅಂತ.

ನಡುನಡುವೆ ಒಂದೊಂದು ಕುಣಿಕೆಯನ್ನು ಬೇಕೆಂದೇ ಜಾರಿಸಿ, ಬುಡದ ತನಕ ಬಿಚ್ಚಿಕೊಂಡು ಹೋಗಬೇಕು. ನನ್ನ ಜೀವ ಬಾಯಿಗೆ ಬಂದಿತ್ತು, ಎಲ್ಲಾ ಕಳಚಿಬಿದ್ದರೆ? ನಿಮ್ಮ ಕುರಿಯುಣ್ಣೆ ಗಟ್ಟಿ, ಕಚ್ಚಿಕೊಂಡಿತ್ತು, ಎಳೆದೆಳೆದು ಬಿಡಿಸಿದೆ. ಒಂದೊಂದು ಬಿಟ್ಟ ಹಾಗೆಲ್ಲ ಅದು ಅಗಲವಾಗುತ್ತ ಹೋಯಿತು. ಈಗ ತಲೆ, ಕಿವಿ, ಕೊರಳು ಎಲ್ಲಾ ಮುಚ್ಚುತ್ತದೆ.

ಅದನ್ನು ನಿಮಗೇ ಕಳಿಸುತ್ತಿದ್ದೇನೆ. ಸಿಟ್ಟಾಗಬೇಡಿ. ಮುಂಬೈಯ ಥಂಡಿ ಒಂದು ಥಂಡಿಯೇ? ತಾಯಿಯಿಲ್ಲದ ನನ್ನ ತಲೆಗೆ ಎಣ್ಣೆ ಹಚ್ಚಿದವರು ನೀವು. ನಿಮ್ಮ ಮಗ ತಾಟು ದೂಡಿದಾಗ "ಉಣ್ಣಂಗಿದ್ರ ಉಣ್ಣು, ಆಕಿ ಮ್ಯಾಲ ಹಾರಾಡಬ್ಯಾಡ" ಎಂದು ಅಡ್ಡ ನಿಂತವರೂ ನೀವೇ. ಅದನ್ನು ಯಾವ ಜನ್ಮದಲ್ಲಿ ತೀರಿಸಲಿ?

ನನ್ನ ಚಿಂತೆ ಬೇಡ. ಇಂದ್ರಾಬಾಯಿಯ ಜೊತೆ ಅಂಗಡಿಗೆ ಸ್ವೆಟರ್ ಹೆಣೆದು ಕೊಡುತ್ತೇನೆ, ಹೊಟ್ಟೆ ತುಂಬ ಉಣ್ಣುತ್ತೇನೆ. ನಿಮ್ಮ ಆಶೀರ್ವಾದವೊಂದಿರಲಿ.

ನಿಮ್ಮ ಸೊಸೆ
ಲಕ್ಷ್ಮವ್ವ

ತಾ.ಕ.: ಹನುಮವ್ವ, ಕಾಗದ ಓದಿ ಹೇಳುವವಳು ನೀನೇ ಅಲ್ಲವೇ, ಕಟ್ಟೆಯ ಮೇಲೆ ಯಾರಾದರೂ ಕೂತಿದ್ದರೆ ಅವರು ಎದ್ದು ಹೋದ ಮೇಲೆ ಇದನ್ನು ಅತ್ತೆಗೆ ಓದು.

ಅತ್ತೆ, ದೀಪಾವಳಿಯಿಂದ ನಿಂಗಣ್ಣ ಮನೆಗೆ ಬಂದಿಲ್ಲ. ಗಂಡನ ಹೆಸರು ಹಿಡಿದಳಲ್ಲ ಎನ್ನಬೇಡಿ, ಈಗ ಗಂಡನಲ್ಲ. ಸಾಂತಾಕ್ರೂಜ್‌ನಲ್ಲಿ ಬೇರೊಬ್ಬಳ ಜೊತೆ ಇದ್ದಾನೆ. ಇಂದ್ರಾಬಾಯಿ "ಸೋಡ" ಎಂದ ದಿನ ಬೆಳಿಗ್ಗೆಯೇ ಸೋಡಚೀಟಿ ಕೇಳಿ ಹೇಳಿ ಕಳಿಸಿದ್ದ. ಮಫ್ಲರ್ ಮುಗಿದ ಮೇಲೆ ಆ ಚೀಟಿ ಕೊಟ್ಟುಬಿಟ್ಟೆ. ಆಮೇಲೆ ಬಹಳ ಅಳು ಬಂತು. ಅವನನ್ನು ಬಿಟ್ಟೆ, ನಿಮ್ಮನ್ನು ಬಿಡಲು ನನ್ನಿಂದಾಗದು. ನಾನಿನ್ನೂ ನಿಮ್ಮ ಸೊಸೆಯೇ ಆಗಿದ್ದರೆ ಮತ್ತೆ ಒಂದಿಷ್ಟು ಉಣ್ಣೆ ನೂತು ಕಳಿಸಿ. ಎಷ್ಟೇ ಸ್ವಲ್ಪವಿರಲಿ, ಸಾಲುವಂತೆ ಮಾಡಿಕೊಳ್ಳುತ್ತೇನೆ.