ನಮ್ಮಪ್ಪನ ಮೊಣಕಾಲು ನಿಮ್ಮ ಗೋಡೆಯ ಮೇಲೆ

ಮಾನ್ಯ ಪ್ರಾಂತ್ಯ ಸಂಸ್ಕೃತಿ ಅಧಿಕಾರಿಗಳೇ,

ನಿಮ್ಮ ಸಭಾಂಗಣದಲ್ಲಿ ‘ನಮ್ಮೂರು ನಕ್ಕ ತಲೆಬರಹಗಳು’ ಎಂಬ ಹಳೆಯ ಪತ್ರಿಕೆಗಳ ಪ್ರದರ್ಶನ ಇಟ್ಟಿದ್ದೀರಿ. ಅಲ್ಲಿ ಬಾಗಿಲಿಗೆ ಎದುರಾಗಿ, ಎಲ್ಲಕ್ಕಿಂತ ದೊಡ್ಡದಾಗಿ, ನಮ್ಮಪ್ಪನನ್ನು ತೂಗುಹಾಕಿದ್ದೀರಿ. ನನ್ನ ದೂರು ಅದೇ.

ನಾನು ನಗಲಾರದವಳಲ್ಲ. ‘ಮೇಯರ್ ಭಾಷಣ ಮುಕ್ತಾಯ, ಗಾಯಾಳುಗಳ ಸ್ಥಿತಿ ಸ್ಥಿರ’ ಎಂಬುದನ್ನು ಓದಿ ಗೋಡೆ ಹಿಡಿದುಕೊಂಡು ನಕ್ಕೆ. ತಾನು ಸತ್ತ ಸುದ್ದಿಗೆ ತಿದ್ದುಪಡಿ ಕೇಳಲು ಬಂದ ಕ್ಷೌರಿಕನಿಗೆ ‘ಮೃತರಿಂದ ಆಕ್ಷೇಪಣೆ’ ಎಂದು ಬರೆದವರ ಜಾಣತನಕ್ಕೂ ನಕ್ಕೆ. ಆಮೇಲೆ ತಲೆಯೆತ್ತಿದರೆ ಅಪ್ಪ. ಪ್ಯಾಂಟನ್ನು ಮೊಣಕಾಲಿನ ಮೇಲಕ್ಕೆ ಮಡಚಿ, ಟೋಪಿ ಹಾಕಿಕೊಂಡು, ನಾಚಿಕೆಯಿಂದ ನಗುತ್ತಿದ್ದಾನೆ. ಮೇಲೆ, ತೆಂಗಿನಕಾಯಿ ಗಾತ್ರದ ಅಕ್ಷರಗಳಲ್ಲಿ: ‘ಕಪ್ತಾನನ ಮೊಣಕಾಲು ನುಡಿಯಿತು: ಇಂದು ಸಮುದ್ರವಿಲ್ಲ!’

ನನ್ನ ಅಪ್ಪ ಎಲ್ಯೂತೇರಿಯೋ ಮಗ್‌ಬಾನುವಾ ಎದುರಿನ ದ್ವೀಪಕ್ಕೆ ಹೋಗುವ ‘ಸಾಂತಾ ರೀಟಾ’ ದೋಣಿಯ ಕಪ್ತಾನ. ಒಂದು ಬೆಳಿಗ್ಗೆ ಗಾಳಿಯ ಬಗ್ಗೆ ಅನುಮಾನ ಬಂದು, ಮಳೆಗಾಳಿಗೆ ಮುನ್ನ ನೋಯುವ ಮೊಣಕಾಲೂ ಹಿಂಡಿ, ದೋಣಿ ಬಿಡುವುದಿಲ್ಲ ಎಂದ. ಬಿರುಗಾಳಿ ಬರಲಿಲ್ಲ. ದಿನವಿಡೀ ಬಿಸಿಲು ಕಾಯಿತು. ಅವತ್ತು ಅವನು ತಪ್ಪಿದ, ಒಪ್ಪುತ್ತೇನೆ. ಸಂಜೆ ಪತ್ರಿಕೆಯವನು ಬಂದು, “ಕಪ್ತಾನ್ರೇ, ಪ್ಯಾಂಟ್ ಸ್ವಲ್ಪ ಮೇಲಕ್ಕೆತ್ತಿ, ನೋವಿರೋ ಜಾಗ ಜನಕ್ಕೆ ಕಾಣ್ಲಿ” ಎಂದ. ಪ್ರಯಾಣಿಕರ ಸುರಕ್ಷತೆಯ ಬಗ್ಗೆ ಏನೋ ಬರೆಯುತ್ತಾರೆಂದು ನಂಬಿ ಅಪ್ಪ ಎತ್ತಿದ.

ಮಾರನೆಯ ದಿನದಿಂದ ಊರಿಗೆ ಬೇರೆ ಕೆಲಸವೇ ಇರಲಿಲ್ಲ. ಮೀನು ಮಾರುವ ಹೆಂಗಸರು, “ಕಪ್ತಾನ್ರೇ, ನಾಳೆ ಬಟ್ಟೆ ಒಣಹಾಕ್ಬೇಕು, ಸ್ವಲ್ಪ ಮೊಣಕಾಲನ್ನ ಕೇಳಿ ಹೇಳ್ತೀರಾ?” ಎಂದು ಕೂಗುತ್ತಿದ್ದರು. ಕೋಳಿಜಗಳದ ಕಣದಲ್ಲಿ, ಯಾವ ಹುಂಜ ಗೆಲ್ಲುತ್ತದೆಂದು ಎಡಗಾಲನ್ನು ಕೇಳಬೇಕೋ ಬಲಗಾಲನ್ನೋ ಎನ್ನುತ್ತಿದ್ದರು. ಪಾದ್ರಿಗಳು ಕೂಡ ಪ್ರಾರ್ಥನೆಗೆ ಮಂಡಿಯೂರಿ ಎಂದಾಗ ಅಪ್ಪನ ಕಡೆ ನೋಡಿ ಸಣ್ಣಗೆ ನಕ್ಕರು. ದೋಣಿಯ ಮಾಲೀಕರು ಮಾತ್ರ ನಗಲಿಲ್ಲ. “ಇನ್ನೊಂದ್ಸಲ ಹೀಗಾದ್ರೆ ಮೊಣಕಾಲನ್ನ ಮನೇಲಿಟ್ಕೋ, ದೋಣಿ ಬೇರೆಯವನಿಗೆ ಕೊಡ್ತೀನಿ” ಎಂದರು. ಅಪ್ಪ ಎಲ್ಲರ ಜೊತೆ ತಾನೂ ನಗುತ್ತಿದ್ದ. ಮನೆಗೆ ಬಂದು ಪ್ಯಾಂಟನ್ನು ಪಾದದವರೆಗೆ ಎಳೆದುಕೊಂಡು ಕೂರುತ್ತಿದ್ದ.

ಮುಂದಿನ ವರ್ಷ ಊರ ಸಂತನ ಹಬ್ಬದ ಹಿಂದಿನ ದಿನ ನಾನೂ ಅಮ್ಮನೂ ಅವನಿಗೆ ಊಟ ಕೊಡಲು ಬಂದರಿಗೆ ಹೋಗಿದ್ದೆವು. ಆಕಾಶ ಬೂದಿಬಣ್ಣಕ್ಕೆ ತಿರುಗಿತ್ತು. ದೋಣಿ ತುಂಬಿತ್ತು. ಮೇಲಿನಿಂದ ಯಾರೋ ಕೂಗಿದರು: “ಕಪ್ತಾನ್ರೇ, ಮೊಣಕಾಲಿನ ಅಪ್ಪಣೆ ಆಯ್ತಾ?” ಇಡೀ ದೋಣಿ ನಕ್ಕಿತು. ಅಪ್ಪ ಹಲಗೆ ಇಳಿದು ನಮ್ಮ ಹತ್ತಿರ ಬಂದ.

“ಇವತ್ತು ಬೇಡ ಅನ್ಸುತ್ತೆ, ರೋಸೆಂದಾ” ಎಂದ.

ಅಮ್ಮ, “ಬೇಡ ಅನ್ಸಿದ್ರೆ ಬೇಡ ಅಂದ್ಬಿಡಿ. ನಕ್ಕರೆ ನಗ್ತಾರೆ” ಎಂದಳು.

“ಮತ್ತೆ ಪೇಪರ್‌ನಲ್ಲಿ ಹಾಕ್ತಾರೆ ಕಣೇ.”

ಊಟದ ಡಬ್ಬಿ ತೆಗೆದುಕೊಂಡು ಹತ್ತಿ ಹೋದ.

ಅಲೆಗಳು ಮೂರನೆಯ ದಿನದವರೆಗೂ ಜನರನ್ನು ದಡಕ್ಕೆ ತಂದವು. ಅಪ್ಪನನ್ನು ತರಲಿಲ್ಲ. ಹಬ್ಬಕ್ಕೆಂದು ಕಟ್ಟಿದ್ದ ಬಣ್ಣದ ಕಾಗದಗಳ ಕೆಳಗೇ ಶವಪೆಟ್ಟಿಗೆಗಳನ್ನು ಸಾಲಾಗಿ ಇಟ್ಟಿದ್ದರು. ಆಗ ಅದೇ ಪತ್ರಿಕೆ ಏನು ಬರೆಯಿತು ಗೊತ್ತೇ? ‘ಹವಾಮಾನ ಲೆಕ್ಕಿಸದ ಕಪ್ತಾನ: ದೋಣಿ ಮುಳುಗಡೆ.’ ಹೆದರಿದಾಗ ಕೋಡಂಗಿ, ಹೆದರದಿದ್ದಾಗ ಕೊಲೆಗಾರ. ಇವೆರಡರ ನಡುವೆ ಒಬ್ಬ ಮನುಷ್ಯ ಎಲ್ಲಿ ನಿಲ್ಲಬೇಕಿತ್ತು, ದಯಮಾಡಿ ಹೇಳುವಿರಾ? ಸಂಸ್ಕೃತಿ ತಮ್ಮ ಇಲಾಖೆಯ ವಿಷಯವಾದ್ದರಿಂದ ಕೇಳುತ್ತಿದ್ದೇನೆ. ಮಾರುಕಟ್ಟೆಯಲ್ಲಿ ನಕ್ಕವರಲ್ಲಿ ಎಷ್ಟೋ ಮಂದಿ ಆ ದೋಣಿಯಲ್ಲೇ ಇದ್ದರು. ಅವರ ಮನೆಯವರು ನಮ್ಮ ಬಾಗಿಲಿಗೆ ಬಂದು ಉಗುಳಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರೂ ಪತ್ರಿಕೆ ಓದಿದವರೇ.

ಎರಡನೆಯ ತಲೆಬರಹವನ್ನೂ ಪಕ್ಕದಲ್ಲಿ ಹಾಕಿ ಎಂದು ಕೇಳಲು ಈ ಪತ್ರ ಶುರುಮಾಡಿದೆ. ಆದರೆ ನಿನ್ನೆ ಅಮ್ಮನಿಗೆ ಯಾರೋ ಹೇಳಿಬಿಟ್ಟಿದ್ದಾರೆ. “ನಿಮ್ಮಪ್ಪನ ಫೋಟೋ ಅಷ್ಟು ದೊಡ್ಡದಾಗಿ ಹಾಕಿದ್ದಾರಂತೆ! ಸರ್ಕಾರದವರು ಇಷ್ಟು ವರ್ಷಕ್ಕಾದ್ರೂ ನೆನೆಸ್ಕೊಂಡ್ರಲ್ಲೇ” ಎಂದು ಮದುವೆಗೆ ಉಡುವ ಉಡುಪನ್ನು ತೆಗೆದು ಇಸ್ತ್ರಿ ಮಾಡಿಸಿಕೊಂಡಿದ್ದಾಳೆ. ನಮ್ಮ ಮನೆಯಲ್ಲಿದ್ದ ಅವನ ಒಂದೇ ಫೋಟೋ ಆಮೇಲೆ ಬಂದ ಇನ್ನೊಂದು ಚಂಡಮಾರುತದಲ್ಲಿ ಗೋಡೆಯ ಸಮೇತ ಹೋಯಿತು. ಅವಳು ಅವನ ಮುಖ ನೋಡಿ ಎಷ್ಟು ಕಾಲವಾಯಿತೋ! ಬೇಡ ಎನ್ನಲು ನನ್ನಿಂದ ಆಗಲಿಲ್ಲ.

ಆದ್ದರಿಂದ ಅಧಿಕಾರಿಗಳೇ, ಫೋಟೋ ಇರಲಿ. ಭಾನುವಾರ ಅಮ್ಮನನ್ನು ಅಲ್ಲಿಗೆ ಕರೆತರುತ್ತೇನೆ, ಅಷ್ಟರೊಳಗೆ ತಲೆಬರಹವನ್ನು ತೆಗೆಯಿಸಿ. ಅಮ್ಮನಿಗೆ ಓದು ಬರುವುದಿಲ್ಲ. ಫೋಟೋವನ್ನು ಸವರಿ ನೋಡಿ, “ಮೇಲೆ ಏನ್ ಬರೆದಿದ್ದಾರೆ, ಓದೇ” ಎನ್ನುತ್ತಾಳೆ. ಆಗ ನಾನು ಗಟ್ಟಿಯಾಗಿ ಓದಿ ಹೇಳಬಹುದಾದ ಒಂದು ಸಾಲು ಅಲ್ಲಿರಲಿ.

ಇಂತಿ,
ತಾವು ತೂಗುಹಾಕಿದ ಮೊಣಕಾಲಿನ ಮಗಳು,
ನೆಮೇಸಿಯಾ ಮಗ್‌ಬಾನುವಾ
ಹಳೇ ಬಂದರು ಬೀದಿ, ವಿಸಾಯಸ್, ಫಿಲಿಪೀನ್ಸ್